ಬೆಳಕಿನ ನಾಲ್ಕು ಹೆಸರು: ಲೂಸಿಯಾ, ಕ್ಲಾರಾ, ಸ್ಟೆಲ್ಲಾ, ಅರೋರಾ, ಮಗಳಿಗೆ ಯಾವುದು?

ತಂಗಿಯ ಮಗಳು ಅಮೆರಿಕದ ಸಾಂತಾ ಕ್ಲಾರಾ ಊರಿನಲ್ಲಿದ್ದಾಳೆ. ಏಳು ತಿಂಗಳ ಬಸುರಿ. ಒಂದು ಭಾನುವಾರ ಬಲಿಪೂಜೆ ಮುಗಿಸಿಕೊಂಡು ಮೈಸೂರಿನ ಮನೆಗೆ ಬಂದು ಮೊಬೈಲ್ ನೋಡಿದರೆ, ಅಂಗಡಿ ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ನಾಲ್ಕು ಹೆಸರುಗಳ ಚಿತ್ರ ಬಂದಿತ್ತು. ಲೂಸಿಯಾ, ಕ್ಲಾರಾ, ಸ್ಟೆಲ್ಲಾ, ಅರೋರಾ. ಕೆಳಗೆ ಒಂದು ಸಾಲು: “ದೊಡ್ಡಮ್ಮ, ನಾಲ್ಕೂ ಲ್ಯಾಟಿನ್ ಹೆಸರು, ನಾಲ್ಕಕ್ಕೂ ಅರ್ಥ ಬೆಳಕು ಎಂದೇ ಇದೆ. ಹಾಗಾದರೆ ಯಾವುದಾದರೇನು? ನೀವೇ ಒಂದನ್ನು ಆರಿಸಿಕೊಡಿ.”

ಯಾವುದಾದರೇನು ಎಂಬ ಮಾತು ನನ್ನನ್ನು ಚುಚ್ಚಿತು. ಬದುಕಿಡೀ ಕನ್ನಡ ಪಾಠ ಹೇಳಿದವಳು ನಾನು. ನಸುಕು, ಹೊಂಬೆಳಕು, ಬೆಳದಿಂಗಳು, ಮಿಣುಕು ಇವೆಲ್ಲ ಒಂದೇ ಎಂದು ಯಾವ ಮಗುವೂ ನನ್ನ ತರಗತಿಯಲ್ಲಿ ಬರೆದದ್ದಿಲ್ಲ. ಈ ನಾಲ್ಕು ಹೆಸರುಗಳ ಒಳಗಿರುವುದು ನಾಲ್ಕು ಬೇರೆ ಬೆಳಕು. ಒಂದು ಹುಟ್ಟಿನ ಬೆಳಕು, ಇನ್ನೊಂದು ತಿಳಿಯ ಬೆಳಕು, ಮತ್ತೊಂದು ದೂರದ್ದು, ಕೊನೆಯದು ಇನ್ನೂ ಬರಬೇಕಾದದ್ದು. ಅವಳಿಗೆ ಬರೆದ ಉತ್ತರ ಉದ್ದವಾಯಿತು. ಇಂಥದೇ ಹೆಸರುಗಳ ನಡುವೆ ತಡಕಾಡುತ್ತಿರುವ ಬೇರೆಯವರಿಗೂ ಒದಗಲಿ ಎಂದು ಅದನ್ನೇ ತಿದ್ದಿ ಇಲ್ಲಿ ಕೊಡುತ್ತಿದ್ದೇನೆ.

ಅರ್ಥವನ್ನು ನಂಬುವ ಮೊದಲು

ನಮ್ಮ ಅಮ್ಮನ ಹೆಸರು ಫಿಲೋಮಿನಾ. ಮೈಸೂರಿನ ಕ್ರೈಸ್ತ ಮನೆಗಳಲ್ಲಿ ಈ ಹೆಸರು ಬೀದಿಗೊಂದು ಇತ್ತು, ಕಾರಣ ಎಲ್ಲರಿಗೂ ಗೊತ್ತು: 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಇಟ್ಟ ಸಂತ ಫಿಲೋಮಿನಾ ಚರ್ಚು. ತನ್ನ ಹೆಸರು ಲ್ಯಾಟಿನ್, ಅದಕ್ಕೆ ‘ಬೆಳಕಿನ ಮಗಳು’ ಎಂದು ಅರ್ಥ ಎಂದು ಅಮ್ಮ ಕೊನೆಯವರೆಗೂ ಹೇಳುತ್ತಿದ್ದರು. ಲ್ಯಾಟಿನ್ನಿನಲ್ಲಿ ‘ಫೀಲಿಯಾ ಲೂಮಿನಿಸ್’ ಎಂದರೆ ಬೆಳಕಿನ ಮಗಳು ಎಂಬುದು ನಿಜ. ಆದರೆ ಫಿಲೋಮಿನಾ ಅದರಿಂದ ಬಂದದ್ದಲ್ಲ. ಅದು ಗ್ರೀಕ್ ಹೆಸರು, ಅರ್ಥ ‘ಪ್ರೀತಿಗೆ ಪಾತ್ರಳಾದವಳು’. 1802ರಲ್ಲಿ ರೋಮಿನ ನೆಲದಡಿಯ ಸಮಾಧಿಯೊಂದರಲ್ಲಿ ಮೂರು ಹೆಂಚುಗಳು ಸಿಕ್ಕಿದವು. ಇದ್ದ ಕ್ರಮದಲ್ಲಿ ಓದಿದರೆ ‘ಲುಮೇನಾ–ಪಾಕ್ಸ್ ತೆ–ಕುಮ್ ಫಿ’. ಮೊದಲ ಹೆಂಚನ್ನು ಕೊನೆಗೆ ಇಟ್ಟು ಓದಿದಾಗ ‘ಪಾಕ್ಸ್ ತೇಕುಮ್ ಫಿಲುಮೇನಾ’, ಅಂದರೆ ‘ಫಿಲುಮೇನಾ, ನಿನಗೆ ಶಾಂತಿ’ ಎಂದಾಯಿತು. ಆ ಮೂರು ಹೆಂಚಿನಿಂದ ಒಬ್ಬ ಸಂತಳ ಹೆಸರು ಜಗತ್ತಿಗೆಲ್ಲ ಹಬ್ಬಿತು. 1961ರಲ್ಲಿ ಅವಳ ಹಬ್ಬವನ್ನು ಪೂಜಾ ಪಂಚಾಂಗಗಳಿಂದ ತೆಗೆಯಬೇಕೆಂದು ರೋಮ್ ಆದೇಶಿಸಿತು. ಮೈಸೂರಿನಲ್ಲಿ ಹೆಸರು ಉಳಿಯಿತು.

ಇದನ್ನು ಹೇಳಿದ್ದು ಏಕೆಂದರೆ, ಹೆಸರಿನ ಪಟ್ಟಿಗಳಲ್ಲಿ ಒಂದು ಪದದಲ್ಲಿ ಕೊಡುವ ಅರ್ಥವನ್ನು ಹಾಗೆಯೇ ನುಂಗಬಾರದು. ಇನ್ನೊಂದು ಉದಾಹರಣೆ ಈಗ ಬೆಂಗಳೂರಿನ ಶಾಲೆಗಳಲ್ಲಿ ಕೇಳಿಬರುವ ‘ಕಿಯಾರಾ’. ಅದು ಇಟಲಿಯ ಕಿಯಾರಾ ಆದರೆ ಕ್ಲಾರಾದ ರೂಪ, ಅರ್ಥ ‘ಹೊಳೆಯುವವಳು’. ಐರ್ಲೆಂಡಿನ ‘ಕೀರಾ’ ಹೆಸರನ್ನು ಹೀಗೆ ಓದಿದ್ದಾದರೆ ಅದರ ಮೂಲ ಪದಕ್ಕೆ ‘ಕಪ್ಪು’ ಎಂದು ಅರ್ಥ. ರೋಮನ್ ಅಕ್ಷರದಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ಒಂದು ಬೆಳಕು, ಇನ್ನೊಂದು ಕತ್ತಲೆಯ ಬಣ್ಣ.

ರೋಮನ್ನರೇನೂ ಮಗಳ ಹೆಸರಿಗೆ ಇಷ್ಟು ತಲೆ ಕೆಡಿಸಿಕೊಂಡವರಲ್ಲ. ಗಣರಾಜ್ಯದ ಕಾಲದಲ್ಲಿ ಮಗಳಿಗೆ ಕುಲದ ಹೆಸರಿನ ಸ್ತ್ರೀರೂಪವೇ ಹೆಸರು. ಜೂಲಿಯಸ್ ಕುಲದ ಮಗಳು ಜೂಲಿಯಾ, ತುಲ್ಲಿಯಸ್ ಕುಲದ ಸಿಸಿರೋ ಮಗಳು ತುಲ್ಲಿಯಾ. ಸೀಸರನ ಇಬ್ಬರು ಅಕ್ಕತಂಗಿಯರಿಗೂ ಜೂಲಿಯಾ ಎಂದೇ ಹೆಸರು, ದೊಡ್ಡ ಜೂಲಿಯಾ ಮತ್ತು ಚಿಕ್ಕ ಜೂಲಿಯಾ. ಮೂರನೆಯವಳು ಹುಟ್ಟಿದರೆ ‘ತೆರ್ತಿಯಾ’, ಅಂದರೆ ಮೂರನೆಯವಳು ಎಂದು ಸೇರಿಸಿ ಕರೆದದ್ದೂ ಉಂಟು. ಅರ್ಥ ನೋಡಿ ಹೆಣ್ಣುಮಕ್ಕಳಿಗೆ ಹೆಸರಿಡುವ ರೂಢಿ ಬಲವಾದದ್ದು ಆಮೇಲೆ, ಬಹುಮಟ್ಟಿಗೆ ಸಂತರ ಕಥೆಗಳ ಜೊತೆಗೆ. ಆದ್ದರಿಂದ ಈ ಹೆಸರುಗಳನ್ನು ತೂಗುವಾಗ ಪದದ ಬೇರನ್ನೂ ಅದನ್ನು ಹೊತ್ತವಳ ಕಥೆಯನ್ನೂ ಒಟ್ಟಿಗೆ ನೋಡಬೇಕು.

ಲೂಸಿಯಾ: ಹುಟ್ಟಿನ ಬೆಳಕು

‘ಲೂಕ್ಸ್’ ಎಂದರೆ ಲ್ಯಾಟಿನ್ನಿನಲ್ಲಿ ಬೆಳಕು. ಅದರಿಂದ ಗಂಡಿಗೆ ಲೂಸಿಯಸ್, ಹೆಣ್ಣಿಗೆ ಲೂಸಿಯಾ. ಬೆಳಗಿನ ಮೊದಲ ಬೆಳಕಿನಲ್ಲಿ ಹುಟ್ಟಿದವನಿಗೆ ಲೂಸಿಯಸ್ ಎಂದು ಹೆಸರಿಡುತ್ತಿದ್ದರು ಎಂದು ವಾರೋ ಎಂಬ ರೋಮನ್ ವಿದ್ವಾಂಸ ಬರೆದಿದ್ದಾನೆ. ಹೆರಿಗೆಯ ದೇವಿಗೆ ರೋಮನ್ನರು ‘ಯೂನೋ ಲೂಸಿನಾ’ ಎನ್ನುತ್ತಿದ್ದರು: ಮಗುವನ್ನು ಬೆಳಕಿಗೆ ತರುವವಳು. ಇಂದಿಗೂ ಸ್ಪ್ಯಾನಿಷ್ ಭಾಷೆಯಲ್ಲಿ ಹೆರುವುದಕ್ಕೆ ‘ಬೆಳಕಿಗೆ ಕೊಡುವುದು’ ಎಂದೇ ಹೇಳುತ್ತಾರೆ. ಹೀಗೆ ಈ ಹೆಸರಿನ ಒಳಗೇ ಒಂದು ಬಾಣಂತಿ ಕೋಣೆ ಇದೆ.

ನನಗೆ ಇದರಲ್ಲಿ ಅತ್ಯಂತ ಪ್ರಿಯವಾದ ಸಂಗತಿ ಬೇರೆ. ಲೂಕ್ಸ್ ಹುಟ್ಟಿದ ಅದೇ ಪ್ರಾಚೀನ ಬೇರಿನಿಂದ ಸಂಸ್ಕೃತದ ‘ರುಚ್’ ಧಾತು ಬಂದಿದೆ. ಅಲ್ಲಿಯ ಲ ಇಲ್ಲಿ ರ ಆಗಿದೆ. ರುಚಿ ಎಂದರೆ ಮೊದಲಿಗೆ ಹೊಳಪು, ನಾಲಿಗೆಯ ರುಚಿ ಆಮೇಲಿನದು. ಹೊಳೆಯುವ ಒಡವೆ, ಚಿನ್ನ ‘ರುಕ್ಮ’, ಅದರಿಂದ ರುಕ್ಮಿಣಿ. ಅಂದರೆ ಸಿಸಿಲಿಯ ಲೂಸಿಯಾ, ವಿದರ್ಭದ ರುಕ್ಮಿಣಿ ಇಬ್ಬರೂ ಒಂದೇ ಬೇರಿನ ಚಿಗುರು. ಕಣ್ಣು ಎಂಬ ಅರ್ಥದ ‘ಲೋಚನ’ವನ್ನೂ ಭಾಷಾಶಾಸ್ತ್ರಜ್ಞರು ಇದೇ ಬೇರಿಗೆ ಸೇರಿಸುತ್ತಾರೆ, ಸಂತ ಲೂಸಿಯಾ ಕಣ್ಣಿನ ರಕ್ಷಕಿ ಎಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಆ ಸಂತಳದು ಸಿಸಿಲಿಯ ಸಿರಾಕ್ಯೂಸ್ ಪಟ್ಟಣ. ತಾಯಿಯ ರಕ್ತಸ್ರಾವ ವಾಸಿಯಾಗಲೆಂದು ಅವಳನ್ನು ಕರೆದುಕೊಂಡು ಕತಾನಿಯಾದ ಸಂತ ಆಗತಾಳ ಸಮಾಧಿಗೆ ಹೋದಳು, ತನ್ನ ವರದಕ್ಷಿಣೆಯ ಹಣವನ್ನೆಲ್ಲ ಬಡವರಿಗೆ ಹಂಚಿದಳು, ಸಾಮ್ರಾಟ ಡಯೊಕ್ಲೀಷಿಯನ್ನನ ಕಾಲದ ಹಿಂಸೆಯಲ್ಲಿ, ಸಂಪ್ರದಾಯದ ಪ್ರಕಾರ 304ರಲ್ಲಿ, ಪ್ರಾಣ ಕೊಟ್ಟಳು. ಎಳೆದೊಯ್ಯಲು ಬಂದವರಿಗೆ ಎತ್ತುಗಳನ್ನು ಕಟ್ಟಿದರೂ ಅವಳನ್ನು ನಿಂತ ಜಾಗದಿಂದ ಅಲುಗಿಸಲಾಗಲಿಲ್ಲ ಎಂಬುದು ಹಳೆಯ ಕಥೆ. ತಟ್ಟೆಯಲ್ಲಿ ಎರಡು ಕಣ್ಣು ಹಿಡಿದ ಚಿತ್ರಗಳ ಕಥೆ ಬಹಳ ನಂತರದ್ದು, ಹೆಸರಿನಲ್ಲಿ ಬೆಳಕಿದ್ದುದರಿಂದ ಬೆಳೆದದ್ದು. ಹಬ್ಬ ಡಿಸೆಂಬರ್ 13. ಹಳೆಯ ಜೂಲಿಯನ್ ಪಂಚಾಂಗ ಜಾರುತ್ತ ಬಂದು, 14ನೆಯ ಶತಮಾನದ ಸುಮಾರಿಗೆ ವರ್ಷದ ಅತಿ ದೀರ್ಘ ರಾತ್ರಿ ಈ ದಿನದ ಹತ್ತಿರ ಬೀಳುತ್ತಿತ್ತು. ಸ್ವೀಡನ್ನಿನ ಹುಡುಗಿಯರು ಅಂದು ತಲೆಯ ಮೇಲೆ ಮೇಣದಬತ್ತಿಯ ಕಿರೀಟ ಇಟ್ಟುಕೊಂಡು ಬರುತ್ತಾರೆ, ಕೇಸರಿ ಹಾಕಿದ ಬನ್ನು ಹಂಚುತ್ತಾರೆ. ಸಿಸಿಲಿಯಲ್ಲಿ ಆ ದಿನ ರೊಟ್ಟಿ, ಪಾಸ್ತಾ ಮುಟ್ಟದೆ ‘ಕುಚ್ಚೀಯಾ’ ತಿನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಗೋಧಿ ಗುಗ್ಗರಿ. 17ನೆಯ ಶತಮಾನದ ಬರಗಾಲದಲ್ಲಿ ಧಾನ್ಯದ ಹಡಗು ಅವಳ ಹಬ್ಬಕ್ಕೆ ಬಂದು ನಿಂತಾಗ, ಹಸಿದ ಜನ ಹಿಟ್ಟು ಬೀಸುವಷ್ಟೂ ತಾಳದೆ ಕಾಳನ್ನೇ ಬೇಯಿಸಿ ತಿಂದರಂತೆ.

ಕಷ್ಟ ಎಲ್ಲಿ? ಮೊದಲನೆಯದು ಉಚ್ಚಾರ. ಪ್ರಾಚೀನ ರೋಮಿನಲ್ಲಿ ಲೂಕಿಯಾ, ಇಟಲಿಯಲ್ಲಿ ಲುಚೀಯಾ, ಸ್ಪೇನಿನ ಬಹುಭಾಗದಲ್ಲಿ ಲುಥೀಯಾ, ಇಂಗ್ಲಿಷಿನಲ್ಲಿ ಲೂಶಾ, ಲೂಸೀಯಾ ಎರಡೂ. ಪೋರ್ಚುಗೀಸರಲ್ಲಿ ಲುಝೀಯಾ ಎಂಬ ಹಳೆಯ ರೂಪವೂ ಲೂಸಿಯಾ ಎಂಬ ಓದಿನ ರೂಪವೂ ಇವೆ. 1917ರಲ್ಲಿ ಪೋರ್ಚುಗಲ್ಲಿನ ಫಾತಿಮಾ ಊರಿನಲ್ಲಿ ಮಾತೆ ಮರಿಯಮ್ಮನ ದರ್ಶನ ಪಡೆದ ಮೂವರು ಮಕ್ಕಳಲ್ಲಿ ಹಿರಿಯಳು ಲೂಸಿಯಾ. ಸಾಂತಾ ಕ್ಲಾರಾದಲ್ಲಿ ಬೆಳೆಯುವ ಮಗು ಶಾಲೆಯಲ್ಲಿ ಪ್ರತಿ ವರ್ಷ ಹೊಸ ಶಿಕ್ಷಕಿಗೆ ತನ್ನ ಹೆಸರನ್ನು ತಿದ್ದಿ ಹೇಳಬೇಕಾಗುತ್ತದೆ. ಎರಡನೆಯ ಕಷ್ಟ ನಮ್ಮದೇ. ಲೂಸಿಯಾ ಮನೆಯಲ್ಲಿ ಲೂಸಿ ಆಗುತ್ತಾಳೆ, ಲೂಸಿ ನಮ್ಮ ಶಾಲೆಯ ಅಂಗಳದಲ್ಲಿ ‘ಲೂಸು’ ಆಗುತ್ತಾಳೆ. ನನ್ನ ತರಗತಿಯಲ್ಲಿ ಲೂಸಿ ಎಂಬ ಹುಡುಗಿ ಇದೇ ಕಾರಣಕ್ಕೆ ಹಾಜರಿ ಕೂಗುವಾಗ ತಲೆ ತಗ್ಗಿಸುತ್ತಿದ್ದಳು. ಎರಡು ವಾರ ನೋಡಿ, ನಾನು ಹಾಜರಿ ಪುಸ್ತಕದಲ್ಲಿದ್ದಂತೆ ಪೂರ್ತಿ ಲೂಸಿಯಾ ಎಂದೇ ಕೂಗತೊಡಗಿದೆ. ಅವಳು ತಲೆ ಎತ್ತಿ ‘ಇದ್ದೇನೆ’ ಎಂದಳು. ಕರ್ನಾಟಕಕ್ಕೆ ಮರಳುವ ಯೋಚನೆ ಇರುವವರು ಈ ಹೆಸರನ್ನು ಇಟ್ಟರೆ ಮೊದಲ ದಿನದಿಂದಲೇ ಪೂರ್ತಿ ಕರೆಯುವ ಅಭ್ಯಾಸ ಮಾಡಿಕೊಳ್ಳಿ.

ಕ್ಲಾರಾ: ತಿಳಿಯ ಬೆಳಕು

‘ಕ್ಲಾರುಸ್’ ಎಂಬ ಲ್ಯಾಟಿನ್ ಪದಕ್ಕೆ ಹೊಳೆಯುವ, ಸ್ಪಷ್ಟವಾದ, ಹೆಸರುವಾಸಿಯಾದ ಎಂಬ ಮೂರು ಅರ್ಥಗಳನ್ನು ನಿಘಂಟು ಕೊಡುತ್ತದೆ. ಇವು ಹೇಗೆ ಒಂದೇ ಪದದಲ್ಲಿ ಕೂಡಿದವು? ಪದದ ಬೇರು ಕಣ್ಣಿಗೆ ಸೇರಿದ್ದಲ್ಲ, ಕಿವಿಗೆ ಸೇರಿದ್ದು. ‘ಕಲಾರೆ’ ಎಂದರೆ ಕೂಗಿ ಕರೆಯುವುದು, ‘ಕ್ಲಾಮಾರೆ’ ಎಂದರೆ ಅರಚುವುದು. ತಿಂಗಳ ಮೊದಲ ದಿನವನ್ನು ರೋಮಿನ ಪುರೋಹಿತರು ಕೂಗಿ ಸಾರುತ್ತಿದ್ದರು, ಆ ದಿನ ‘ಕಲೆಂದೇ’, ಅದರಿಂದಲೇ ಕ್ಯಾಲೆಂಡರ್. ಕ್ಲಾರುಸ್ ಮೂಲತಃ ದೂರಕ್ಕೂ ಒಡೆಯದೆ ಕೇಳುವ ದನಿ. ಅಲ್ಲಿಂದ ಒಡೆಯದೆ ಕಾಣುವ ಬೆಳಕು, ಅಲ್ಲಿಂದ ನಾಲ್ಕು ಜನ ಕೂಗಿ ಹೇಳುವ ಹೆಸರು.

ಕನ್ನಡದವರಿಗೆ ಇದು ಸುಲಭವಾಗಿ ಹಿಡಿತಕ್ಕೆ ಸಿಗುತ್ತದೆ, ಏಕೆಂದರೆ ಕೀರ್ತನೆ ಮತ್ತು ಕೀರ್ತಿ ನಮ್ಮಲ್ಲೂ ಅಕ್ಕತಂಗಿಯರು, ಹೇಳಿ ಹಾಡುವುದೇ ಹೆಸರಾಗುವುದು. ನಮ್ಮ ‘ತಿಳಿ’ಯಂತೂ ಕ್ಲಾರುಸ್ಸಿಗೆ ಇನ್ನೂ ಹತ್ತಿರ. ತಿಳಿನೀರು ಎನ್ನುತ್ತೇವೆ, ತಿಳಿಯಿತು ಎನ್ನುತ್ತೇವೆ. ಕೆಸರು ಕೆಳಗಿಳಿದು ನೀರು ತಳ ಕಾಣಿಸುವುದಕ್ಕೂ, ಗೊಂದಲ ಕಳೆದು ಮಾತು ಅರ್ಥವಾಗುವುದಕ್ಕೂ ಒಂದೇ ಪದ. ಕ್ಲಾರಾ ಎಂದರೆ ತಿಳಿ. ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ಸರಿಯಾದ ಅನುವಾದ ನನಗೆ ಸಿಕ್ಕಿಲ್ಲ.

ಈ ಹೆಸರನ್ನು ಎತ್ತಿ ಹಿಡಿದವಳು ಅಸ್ಸೀಸಿಯ ಸಂತ ಕ್ಲಾರಾ. ಇಟಲಿಯ ಆ ಗುಡ್ಡದ ಪಟ್ಟಣದಲ್ಲಿ 1194ರ ಸುಮಾರಿಗೆ ಸಿರಿವಂತರ ಮನೆಯಲ್ಲಿ ಹುಟ್ಟಿದಳು. ಹೆರಿಗೆಗೆ ಹೆದರಿದ ತಾಯಿ ಒರ್ತೊಲಾನಾ ಶಿಲುಬೆಯ ಮುಂದೆ ಪ್ರಾರ್ಥಿಸುತ್ತಿದ್ದಾಗ, ‘ಹೆದರಬೇಡ, ಲೋಕವನ್ನು ಬೆಳಗುವ ಒಂದು ಬೆಳಕನ್ನು ನೀನು ಸುಖವಾಗಿ ಹೆರುತ್ತೀಯೆ’ ಎಂಬರ್ಥದ ದನಿ ಕೇಳಿಸಿತು, ಅದಕ್ಕೇ ಮಗುವಿಗೆ ಈ ಹೆಸರಿಟ್ಟಳು ಎನ್ನುತ್ತದೆ ಅವಳ ಹಳೆಯ ಚರಿತ್ರೆ. ಹೆಸರು ಹುಡುಕುವ ಬಸುರಿಗೆ ಇದಕ್ಕಿಂತ ಹತ್ತಿರದ ಕಥೆ ಎಲ್ಲಿದೆ? 1212ರ ಗರಿಗಳ ಭಾನುವಾರದ ರಾತ್ರಿ ಅವಳು ಮನೆ ಬಿಟ್ಟು ಹೊರಟಳು. ಸನ್ಯಾಸದ ಗುರುತಾಗಿ ಅದೇ ಊರಿನ ಸಂತ ಫ್ರಾನ್ಸಿಸ್ ಅವಳ ಕೂದಲು ಕತ್ತರಿಸಿದನು. ಸಾನ್ ದಾಮಿಯಾನೋ ಮಠದಲ್ಲಿ ನಾಲ್ಕು ದಶಕ ಬಾಳಿದಳು. ಆಸ್ತಿ ಬೇಡ ಎಂದು ಪೋಪರೊಡನೆಯೇ ಹಟ ಹಿಡಿದಳು. ಅವಳೇ ಬರೆದ ಮಠದ ನಿಯಮಕ್ಕೆ ಪೋಪರ ಒಪ್ಪಿಗೆ ಬಿದ್ದದ್ದು 1253ರ ಆಗಸ್ಟ್ 9ರಂದು, ಅವಳು ತೀರಿಕೊಂಡದ್ದು 11ರಂದು. ಹೆಣ್ಣೊಬ್ಬಳು ಹೆಣ್ಣುಮಕ್ಕಳಿಗಾಗಿ ಬರೆದು ಒಪ್ಪಿಗೆ ಪಡೆದ ಮೊದಲ ಮಠ ನಿಯಮ ಅದು ಎಂದು ಇತಿಹಾಸ ಗುರುತಿಸುತ್ತದೆ. ಎರಡೇ ವರ್ಷಕ್ಕೆ, 1255ರಲ್ಲಿ, ಸಂತಳೆಂದು ಸಾರಿದ ಪೋಪರ ಪತ್ರ ‘ಕ್ಲಾರಾ ಕ್ಲಾರಿಸ್ ಪ್ರೇಕ್ಲಾರಾ’ ಎಂದು ಆರಂಭವಾಗುತ್ತದೆ. ಹೆಸರಿನ ಮೇಲೆಯೇ ಶ್ಲೇಷೆ ಕಟ್ಟಿದ ಆ ಸಾಲನ್ನು ನಮ್ಮ ಹಳಗನ್ನಡ ಕವಿಗಳು ಓದಿದ್ದರೆ ಮೆಚ್ಚಿ ತಲೆದೂಗುತ್ತಿದ್ದರು. ಕಾಯಿಲೆಯಿಂದ ಮಲಗಿದ್ದ ಒಂದು ಕ್ರಿಸ್‌ಮಸ್ ರಾತ್ರಿ ದೂರದ ಚರ್ಚಿನ ಪೂಜೆಯನ್ನು ಹಾಸಿಗೆಯಿಂದಲೇ ಕಂಡಳು, ಕೇಳಿದಳು ಎಂಬ ಕಥೆಯಿಂದಾಗಿ 1958ರಲ್ಲಿ ಅವಳನ್ನು ದೂರದರ್ಶನದ ರಕ್ಷಕಿ ಎಂದು ಘೋಷಿಸಿದರು. ಮಗಳ ಮುಖವನ್ನು ವಾರಕ್ಕೊಮ್ಮೆ ಮೊಬೈಲಿನ ಪರದೆಯಲ್ಲಿ ನೋಡುವ ನನ್ನ ತಂಗಿಗೆ ಈ ಕಥೆ ಬಹಳ ಹಿಡಿಸಿತು.

ದೇಶ ದಾಟಿದಾಗಲೂ ಇದು ಕೆಡುವುದಿಲ್ಲ. ಜರ್ಮನಿಯಲ್ಲೂ ಸ್ಪೇನಿನಲ್ಲೂ ಕ್ಲಾರಾ, ಫ್ರಾನ್ಸಿನಲ್ಲಿ ಕ್ಲೇರ್. ಇಟಲಿಯಲ್ಲಿ ಮಾತ್ರ ಕಿಯಾರಾ, ಏಕೆಂದರೆ ಲ್ಯಾಟಿನ್ನಿನ ‘ಕ್ಲ’ ಅಲ್ಲಿ ‘ಕಿಯ’ ಆಗುತ್ತದೆ. ಪಿಯಾನೋ ನುಡಿಸಿ ಸಂಸಾರ ಸಾಕಿದ ಕ್ಲಾರಾ ಶೂಮನ್, 1881ರಲ್ಲಿ ಅಮೆರಿಕದ ರೆಡ್ ಕ್ರಾಸ್ ಕಟ್ಟಿದ ಕ್ಲಾರಾ ಬಾರ್ಟನ್, ಇಬ್ಬರೂ ದುಡಿದು ಹೆಸರಾದವರು.

ತೊಂದರೆ ಎರಡಿವೆ. ನನ್ನ ಸೋದರತ್ತೆಗೆ ಒತ್ತಕ್ಷರ ಬಾಯಿಗೆ ಬರುತ್ತಿರಲಿಲ್ಲ, ನೆರೆಮನೆಯ ಕ್ಲಾರಮ್ಮನನ್ನು ‘ಕಲಾರಮ್ಮ’ ಎನ್ನುತ್ತಿದ್ದರು. ಅದು ಇನ್ನೂ ಸ್ವಲ್ಪ ಜಾರಿದರೆ ‘ಕಾಲರಾ’ ಆಗುತ್ತದೆ, ಆ ಪದದ ನೆನಪು ಹಳೆಯ ತಲೆಗಳಿಗೆ ಒಳ್ಳೆಯದಲ್ಲ. ಇಂದಿನ ಮನೆಗಳಲ್ಲಿ ಇದು ದೊಡ್ಡ ಅಡ್ಡಿಯಾಗಲಾರದು. ಎರಡನೆಯದು ನನ್ನ ತಂಗಿಯ ಮಗಳದೇ ಆಕ್ಷೇಪ: “ಊರಿನ ಹೆಸರನ್ನೇ ಮಗುವಿಗೆ ಇಟ್ಟ ಹಾಗಾಗುತ್ತದೆಯಲ್ಲ, ದೊಡ್ಡಮ್ಮ?” ಊರಿಗೆ ಆ ಹೆಸರು ಬಂದದ್ದು 1777ರಲ್ಲಿ ಸ್ಪೇನಿನ ಫ್ರಾನ್ಸಿಸ್ಕನ್ ಸನ್ಯಾಸಿಗಳು ಅಲ್ಲಿ ಕಟ್ಟಿದ ಸಂತ ಕ್ಲಾರಾಳ ಮಿಷನ್ನಿನಿಂದ. ಮಗು ಊರಿನ ಹೆಸರನ್ನು ಪಡೆಯುವುದಿಲ್ಲ, ಊರೂ ಮಗುವೂ ಒಬ್ಬಳಿಂದಲೇ ಪಡೆಯುತ್ತಾರೆ. ಆಗಸ್ಟ್ 11 ಹಬ್ಬ.

ಸ್ಟೆಲ್ಲಾ: ದೂರದ ಬೆಳಕು

ಇದರ ವಂಶಾವಳಿ ನೇರ. ಲ್ಯಾಟಿನ್ ‘ಸ್ತೇಲ್ಲಾ’, ಗ್ರೀಕ್ ‘ಅಸ್ತೇರ್’, ಪಾರಸಿಯ ‘ಸಿತಾರಾ’, ಇಂಗ್ಲಿಷಿನ ‘ಸ್ಟಾರ್’, ನಮ್ಮ ‘ತಾರಾ’ ಎಲ್ಲ ಒಂದೇ ಮನೆಯ ಮಕ್ಕಳು. ತಾರಾ ಮೊದಲಿನ ಸಕಾರವನ್ನು ಕಳೆದುಕೊಂಡಳು, ಅಷ್ಟೇ. ಆಶ್ಚರ್ಯವೆಂದರೆ ರೋಮಿನಲ್ಲಿ ಸ್ಟೆಲ್ಲಾ ಗಂಡಸರ ಉಪನಾಮವಾಗಿತ್ತು. 1ನೆಯ ಶತಮಾನದ ಕೊನೆಯಲ್ಲಿ ಅರ್ರುಂತಿಯುಸ್ ಸ್ತೇಲ್ಲಾ ಎಂಬ ಕವಿ ಇದ್ದನು. ಹೆಣ್ಣಿನ ಹೆಸರಾಗಿ ಇದು ಇಂಗ್ಲಿಷಿನಲ್ಲಿ ಬೆಳಕಿಗೆ ಬಂದದ್ದು ಫಿಲಿಪ್ ಸಿಡ್ನಿಯ ಪ್ರೇಮಗೀತೆಗಳಿಂದ, ಅವು ಅಚ್ಚಾದದ್ದು 1591ರಲ್ಲಿ. ಆ ಗೀತೆಗಳ ಸ್ಟೆಲ್ಲಾ ಹೆಸರಿಗೆ ತಕ್ಕಂತೆ ಕೈಗೆಟುಕದವಳು.

ನಮ್ಮ ಕಡೆ ಈ ಹೆಸರನ್ನು ತಂದದ್ದು ಕವಿಗಳಲ್ಲ, ಮಾತೆ ಮರಿಯಮ್ಮ. ‘ಸ್ಟೆಲ್ಲಾ ಮಾರಿಸ್’, ಸಮುದ್ರದ ನಕ್ಷತ್ರ ಎಂಬುದು ಅವಳ ಹಳೆಯ ಬಿರುದು. ಮರಿಯಮ್ಮನ ಹೆಸರಿನ ಹೀಬ್ರೂ ಮೂಲವಾದ ಮಿರಿಯಮ್ ಎಂಬುದನ್ನು ಸಂತ ಜೆರೋಮ್ ‘ಸ್ತಿಲ್ಲಾ ಮಾರಿಸ್’, ಅಂದರೆ ಸಮುದ್ರದ ಹನಿ ಎಂದು ಬಿಡಿಸಿದ್ದನು, ನಕಲು ಮಾಡುವವರ ಕೈಯಲ್ಲಿ ‘ಸ್ತಿ’ ‘ಸ್ತೆ’ ಆಗಿ ಹನಿ ನಕ್ಷತ್ರವಾಯಿತು ಎಂದು ವಿದ್ವಾಂಸರು ವಿವರಿಸುತ್ತಾರೆ. ಒಂದು ಸ್ವರ ತಪ್ಪಿದ್ದರಿಂದ ನಾವಿಕರಿಗೆ ಒಬ್ಬಳು ತಾಯಿ ಸಿಕ್ಕಳು. ಉಡುಪಿಯ ಮಲ್ಪೆ ಬಂದರಿನ ಹತ್ತಿರದ ಕಲ್ಮಾಡಿಯಲ್ಲಿ ಸ್ಟೆಲ್ಲಾ ಮಾರಿಸ್ ಚರ್ಚು ಇದೆ. ಮೀನಿನ ದೋಣಿಗಳು ಹೊರಡುವ ಕಡೆ ಆ ಹೆಸರು ಇರುವುದು ಎಷ್ಟು ಸರಿ!

ಉಚ್ಚಾರದ ಬಗ್ಗೆ ಒಂದು ಮಾತು. ಸ್ಕೂಲನ್ನು ‘ಇಸ್ಕೂಲು’ ಎನ್ನುವ ನಮ್ಮ ಅಜ್ಜಿಯರು ಸ್ಟೆಲ್ಲಾಳನ್ನು ‘ಇಸ್ಟೆಲ್ಲಾ’ ಎಂದರೆ ಯಾರೂ ನಗಬಾರದು. ಸ್ಪೇನಿನವರು ಇದನ್ನೇ ಮಾಡಿ ‘ಎಸ್ತ್ರೆಯಾ’ ಎಂದರು, ಫ್ರೆಂಚರು ‘ಎಸ್ತೆಲ್’ ಎಂದರು. ಶಬ್ದದ ಮೊದಲಲ್ಲಿ ಸಕಾರಕ್ಕೆ ಮೆಟ್ಟಿಲು ಹಾಕಿಕೊಳ್ಳುವುದು ಅಜ್ಜಿಯರ ತಪ್ಪಲ್ಲ, ನಾಲಿಗೆಯ ನ್ಯಾಯ. ಮಕ್ಕಳು ಬೆಲ್ಲದ ಜೊತೆ ಪ್ರಾಸ ಕಟ್ಟುತ್ತಾರೆ, ಅದು ಸಿಹಿಯೇ. ಮನೆಯಲ್ಲಿ ಆಗಲೇ ತಾರಾ ಎಂಬ ಹಿರಿಯಳಿದ್ದರೆ, ಅವಳ ಹೆಸರನ್ನು ಮೊಮ್ಮಗಳಿಗೆ ದಾಟಿಸಲು ಇದಕ್ಕಿಂತ ನೇರವಾದ ದಾರಿ ಇಲ್ಲ. ಇಲ್ಲದಿದ್ದರೆ ನಾನು ಇದನ್ನು ಮೂರನೆಯ ಸ್ಥಾನದಲ್ಲಿ ಇಡುತ್ತೇನೆ. ಮಗಳು ಹತ್ತಿರ ಇರಬೇಕೆಂಬ ಆಸೆಯವಳು ನಾನು.

ಅರೋರಾ: ಬರಲಿರುವ ಬೆಳಕು

ಅರೋರಾಳ ಲ್ಯಾಟಿನ್ ರೂಪ ‘ಔರೋರಾ’, ಅರ್ಥ ಮುಂಬೆಳಗು. ಲ್ಯಾಟಿನ್ನಿನಲ್ಲಿ ಎರಡು ಸ್ವರಗಳ ನಡುವೆ ಸಿಕ್ಕ ಸಕಾರ ಒಂದು ಕಾಲದಲ್ಲಿ ರಕಾರವಾಯಿತು. ಆ ಬದಲಾವಣೆಯನ್ನು ಹಿಂದಕ್ಕೆ ತಿರುಗಿಸಿದರೆ ಔರೋರಾ ‘ಔಸೋಸಾ’ ಆಗುತ್ತಾಳೆ, ಆಗ ಅವಳ ಮುಖದಲ್ಲಿ ನಮ್ಮ ‘ಉಷಸ್’ ಕಾಣಿಸುತ್ತಾಳೆ. ಋಗ್ವೇದದಲ್ಲಿ ಸುಮಾರು 20 ಸೂಕ್ತಗಳು ಸ್ತುತಿಸುವ ಉಷೆ, ಗ್ರೀಕರ ಈಓಸ್, ರೋಮನ್ನರ ಔರೋರಾ ಮೂವರೂ ಒಬ್ಬಳೇ ದೇವಿಯ ಮೂರು ಮನೆಯ ಹೆಸರುಗಳು. ಮೂವರೂ ರಥದಲ್ಲಿ ಬರುತ್ತಾರೆ, ಮೂವರೂ ಕೆಂಪು.

ಅವಳ ಕಥೆಯಲ್ಲಿ ಒಂದು ನೋವಿದೆ. ಪ್ರೀತಿಸಿದ ತಿಥೋನಸ್ ಎಂಬವನಿಗೆ ಸಾವು ಬಾರದಿರಲಿ ಎಂದು ಅವಳು ವರ ಬೇಡಿದಳು, ಮುಪ್ಪು ಬಾರದಿರಲಿ ಎಂದು ಬೇಡಲು ಮರೆತಳು. ಅವನು ಮುದುಡಿ ಮುದುಡಿ ಬರೀ ದನಿಯಾಗಿ ಉಳಿದನು. ದೇವಿಯ ಹೆಸರಾದ್ದರಿಂದ ಕ್ರೈಸ್ತ ಮನೆಯಲ್ಲಿ ಇಡಬಹುದೇ ಎಂದು ಕೇಳುವವರಿದ್ದಾರೆ. ಸ್ಪೇನಿನಲ್ಲಿ ಮುಂಬೆಳಗಿನ ಮಾತೆ ಎಂದು ಮರಿಯಮ್ಮನನ್ನೇ ಈ ಹೆಸರಿನಿಂದ ಪೂಜಿಸುತ್ತಾರೆ, ಬೈಬಲಿನ ಪರಮಗೀತೆಯ ಲ್ಯಾಟಿನ್ ಪಾಠದಲ್ಲಿ ‘ಔರೋರಾದಂತೆ ಉದಿಸುವ ಇವಳಾರು’ ಎಂಬ ಸಾಲೂ ಇದೆ. ಇಟಲಿಯಲ್ಲಿ ಈಚಿನ ವರ್ಷಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಅತಿ ಹೆಚ್ಚು ಇಟ್ಟ ಹೆಸರುಗಳಲ್ಲಿ ಇದೂ ಒಂದು. 2024ರ ಮೇ 10–11ರ ರಾತ್ರಿ ಸೌರ ಬಿರುಗಾಳಿಯಿಂದ ಲಡಾಖಿನ ಹಾನ್ಲೆಯ ಬಾನಿನಲ್ಲಿ, ಅರೋರಾ ಎಂದೇ ಕರೆಯುವ ಕೆಂಪು ಬೆಳಕು ಕಂಡಿತು. ಅದನ್ನು ಸೆರೆಹಿಡಿದ ವೀಕ್ಷಣಾಲಯ ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು.

ಭಾರತದವರಿಗೆ ಇದರ ತೊಡಕು ಒಂದೇ, ಆದರೆ ದೊಡ್ಡದು. ಅರೋರಾ ಪಂಜಾಬಿನ ಮನೆತನದ ಹೆಸರು. ಸಾಂತಾ ಕ್ಲಾರಾದ ಯಾವ ಕಚೇರಿಯಲ್ಲೂ ಒಬ್ಬರಾದರೂ ಅರೋರಾ ಸಿಗುತ್ತಾರೆ. ಕನ್ನಡದಲ್ಲಿ ಬರೆಯುವಾಗ ‘ಔರೋರಾ’ ಎಂದು ಬರೆದರೆ ಮೂಲಕ್ಕೂ ಹತ್ತಿರ, ಗೊಂದಲವೂ ಕಡಿಮೆ. ಆದರೆ ಕರೆಯುವ ಬಾಯಿ ಬರಹದ ಮಾತು ಕೇಳುವುದಿಲ್ಲ.

ನನ್ನ ತಂಗಿಯ ಮಗಳ ಅತ್ತೆ ಹಾಸನದವರು, ಅವರ ಹೆಸರು ಉಷಾ. ಔರೋರಾ ಇಟ್ಟರೆ ಅಜ್ಜಿಯ ಹೆಸರೇ ಮೊಮ್ಮಗಳಿಗೆ ಬಂದಂತೆ, ಎರಡು ಮನೆಗೂ ಒಪ್ಪಿಗೆ ಎಂದು ನಾನು ಸಂಭ್ರಮದಿಂದ ಬರೆದೆ. ಉಷಾ ಅವರು ಫೋನಿನಲ್ಲಿ ನಿಧಾನವಾಗಿ ಕೇಳಿಸಿಕೊಂಡು ಹೇಳಿದರು: “ಬೀಗರೇ, ಕೇಳಿ ಸಂತೋಷವಾಯಿತು. ಆದರೆ ನಾನು ಇದ್ದೇನಲ್ಲ. ಒಂದೇ ಮನೆಯಲ್ಲಿ ಇಬ್ಬರು ಉಷೆಯರು ಏಕೆ? ಮಗುವಿಗೆ ಅದರದೇ ಒಂದು ಹೆಸರು ಇರಲಿ.” ಆ ಮಾತಿನ ಮುಂದೆ ನನ್ನ ವ್ಯುತ್ಪತ್ತಿ ಸುಮ್ಮನಾಯಿತು.

ಕೈಗೆತ್ತಿಕೊಂಡು ನೋಡುವಾಗ

ನಾಲ್ಕೂ ಆಕಾರದಲ್ಲಿ ಕೊನೆಯಾಗುತ್ತವೆ, ಉಷಾ, ತಾರಾ, ಪ್ರಭಾಗಳ ಹಾಗೆ. ಇದು ಬರಿಯ ಹೋಲಿಕೆಯಲ್ಲ. ಸಂಸ್ಕೃತ ಮತ್ತು ಲ್ಯಾಟಿನ್ ಎರಡೂ ಸ್ತ್ರೀಲಿಂಗದ ಈ ಆಕಾರವನ್ನು ಒಂದೇ ತಾಯಿಯಿಂದ ಪಡೆದವು. ಆದ್ದರಿಂದಲೇ ಇವು ಕನ್ನಡ ವಾಕ್ಯದಲ್ಲಿ ಪರಕೀಯ ಅನ್ನಿಸುವುದಿಲ್ಲ. ಕ್ಲಾರಾಳನ್ನು ಕರೆ, ಸ್ಟೆಲ್ಲಾಳಿಗೆ ಊಟ ಹಾಕು, ಲೂಸಿಯಾಳ ಜಡೆ ಎಂದು ವಿಭಕ್ತಿ ಹಚ್ಚಿ ನೋಡಿ. ‘ಅರೋರಾಳ’ ಮಾತ್ರ ಎರಡು ರಕಾರದ ಮೇಲೆ ಳಕಾರ ಬಂದು ನಾಲಿಗೆ ತೊಡರುತ್ತದೆ. ಜನನ ಪತ್ರದಲ್ಲಿ ಕನ್ನಡ ರೂಪ ಬರೆಸುವವರು ಕೊನೆಯ ದೀರ್ಘವನ್ನು ಬಿಡಬೇಡಿ: ರಮಾ ಮತ್ತು ರಮ ಒಂದೇ ಅಲ್ಲ.

ಬಾಪ್ತಿಸ್ಮದ ಹೆಸರಿಗೊಂದು ಸಂತಳ ಹಬ್ಬ ಬೇಕು ಎನ್ನುವವರಿಗೆ ಲೂಸಿಯಾ, ಕ್ಲಾರಾ. ಧರ್ಮದ ಗುರುತು ಮುಂದೆ ನಿಲ್ಲುವುದು ಬೇಡ, ಎರಡು ಸಂಪ್ರದಾಯದ ಮನೆ ಎನ್ನುವವರಿಗೆ ಸ್ಟೆಲ್ಲಾ, ಔರೋರಾ. ನನ್ನ ಮತ ಕ್ಲಾರಾಳಿಗೆ, ಅದನ್ನು ಮುಚ್ಚಿಡುವುದಿಲ್ಲ. ಬೆಳಕಿನ ಹೆಸರುಗಳಲ್ಲಿ ಬೆಳಕನ್ನು ಹೊಗಳದೆ, ಆ ಬೆಳಕಿನಲ್ಲಿ ಏನು ಕಾಣುತ್ತದೆ ಎಂದು ಕೇಳುವ ಹೆಸರು ಅದೊಂದೇ. ಆದರೆ ಮಗುವಿಗೆ ದಿನ ತುಂಬುವುದು ಡಿಸೆಂಬರ್ ಎರಡನೆಯ ವಾರ. 13ರಂದೇ ಹುಟ್ಟಿಬಿಟ್ಟರೆ ಲೂಸಿಯಾಳನ್ನು ಹೇಗೆ ದೂರ ಇಡುವುದು ಎಂದು ಅವಳು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಹೀಗೆ ಎರಡು ಹೆಸರು ಉಳಿದವು.

ಅದಕ್ಕೆ ಒಂದು ಪರೀಕ್ಷೆ ಮಾಡಿದೆವು, ನಿಮಗೂ ಹೇಳುತ್ತೇನೆ. ಹೆಸರನ್ನು ಕಾಗದದಲ್ಲಿ ಎಷ್ಟು ಸಲ ಬರೆದರೂ ಗೊತ್ತಾಗದ್ದು ಕೂಗಿದಾಗ ಗೊತ್ತಾಗುತ್ತದೆ. ಮಗುವಿನ ಹೆಸರನ್ನು ಜೀವಮಾನದಲ್ಲಿ ಅತಿ ಹೆಚ್ಚು ಸಲ ಬಳಸುವುದು ಕರೆಯುವುದಕ್ಕೇ. ಮೊನ್ನೆ ಸಂಜೆ ದೀಪ ಹಚ್ಚುವ ಹೊತ್ತಿಗೆ ತಂಗಿಯನ್ನು ಹಿತ್ತಿಲ ಬಾಗಿಲಲ್ಲಿ ನಿಲ್ಲಿಸಿದೆ. ನಾನು ಮೊಬೈಲ್ ಹಿಡಿದು ತೆಂಗಿನ ಮರದಾಚೆ ಗೇಟಿನ ಹತ್ತಿರ ಹೋಗಿ ನಿಂತೆ. ಆ ಕಡೆ ಸಾಂತಾ ಕ್ಲಾರಾದಲ್ಲಿ ಇನ್ನೂ ಬೆಳಗಾಗುತ್ತಿತ್ತು, ಅವಳು ಚಹಾ ಹಿಡಿದು ಕಿವಿಗೊಟ್ಟಿದ್ದಳು. ಊಟಕ್ಕೆ ಮೊಮ್ಮಗಳನ್ನು ಕರೆಯುವ ಹಾಗೆ ಕರೆ ಎಂದೆ.

“ಲೂಸಿಯಾ…” ಎಂದಳು ತಂಗಿ. ದನಿ ಮೊದಲ ಅಕ್ಷರದಲ್ಲಿ ಎದ್ದು, ಉಳಿದವುಗಳಲ್ಲಿ ಮೆಲ್ಲಗೆ ಇಳಿದು, ತೆಂಗಿನ ಮರದ ಹತ್ತಿರ ತೆಳ್ಳಗಾಯಿತು. ಮುದ್ದಾದ ಹೆಸರು, ತೊಡೆಯ ಮೇಲೆ ಇರುವ ಮಗುವಿನದು. ಮತ್ತೆ ಉಸಿರೆಳೆದು “ಕ್ಲಾ…ರಾ…” ಎಂದಳು. ಎರಡು ದೀರ್ಘಗಳೂ ಒಡೆಯದೆ ಗೇಟು ದಾಟಿದವು, ಎದುರು ಮನೆಯ ಹುಡುಗ ಸೈಕಲ್ ನಿಲ್ಲಿಸಿ ತಿರುಗಿ ನೋಡಿದನು. ಫೋನಿನಲ್ಲಿ ಒಂದು ಕ್ಷಣ ಮಾತಿಲ್ಲ.

“ದೊಡ್ಡಮ್ಮ,” ಎಂದಳು ಆಮೇಲೆ, “ಅಮ್ಮ ಅದನ್ನು ಇನ್ನೊಂದು ಸಲ ಕರೆಯಲಿ.”